ನಾಣ್ಯದಗಲ ಬರಿಗಬ್ಬಿಣ

ಮೂರನೇ ಬ್ಯಾಟರಿಯನ್ನೂ ಕುಡಿದು ಮಲಗಿತ್ತು ಆಸ್ಟಿನ್.
ಗೋಣಿಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದೆ
ಆಲಿಕುಟ್ಟಿಯ ಶೆಡ್ಡಿನವರೆಗೆ
ಕಾಫಿ ಚೀಲದ ಪಿಕಪ್ಪಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ,
ಸ್ಟೇರಿಂಗ್ ಹಿಡಿದು, ದಾರಿಯುದ್ದ ಗುರುತಿನವರಿಗೆಲ್ಲ
ಏನೂ ಆಗಿಲ್ಲವೆಂಬಂತೆ ಕೈಯೆತ್ತುತ್ತ.

"ಬ್ಯಾಟರಿ ಮತ್ತೆ ಹೋಯಿತು," ಅಂದೆ.
"ಬಾವಿ ಬತ್ತಿದರೆ ಕೊಡ ಬದಲಾಯಿಸ್ತೀರಾ?" ಅಂದ.

ಆರು ಬಾಯಿಗೂ ಗಾಜಿನ ನಳಿಗೆ ಇಳಿಸಿ ಹೀರಿ ನೋಡಿದ.
ಒಳಗಿನ ತೇಲುಬುರುಡೆ ಆರರಲ್ಲೂ
ಒಂದೇ ಆಳಕ್ಕೆ ಮುಳುಗಿತು.
"ಹಸಿವು. ಕಾಯಿಲೆ ಅಲ್ಲ."
ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದ,
ಅರ್ಧ ಇಂಚು ಬಾಗಿತು, ಅದರ ಮಾತು ಅಲ್ಲಿಗೆ ಮುಗಿಯಿತು.

ನಾನು ಸುಮ್ಮನಿರಲಾರದೆ ಹೇಳಿದೆ:
ಕೆಂಪು ದೀಪ ಒಂದು ವಿಚಿತ್ರ ಮಾಡುತ್ತದೆ,
ವೇಗ ಏರಿದಂತೆ ಮಂಕಾಗಿ, ಆರಿ,
ಇನ್ನೂ ಏರಿದರೆ ಮತ್ತೆ ಹೊತ್ತಿಕೊಳ್ಳುತ್ತದೆ.
ಅವನು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ.
"ಇದನ್ನು ಮೊದಲೇ ಹೇಳಬೇಕಿತ್ತು."

ಈ ಕಾರಿನದು ಉಲ್ಟಾ ಲೆಕ್ಕ. ಪ್ಲಸ್ಸು ಬಾಡಿಗೆ, ಮೈನಸ್ಸು ತಂತಿಗೆ.
ಬೊಳ್ಳವ್ವ ಅತ್ತೆ, ಬಿರುನಾಣಿಯಿಂದ ಕುಟ್ಟದವರೆಗೆ
ನಡುರಾತ್ರಿ ಹೆರಿಗೆಗೆ ಇದರಲ್ಲೇ ಹೋಗಿಬರುತ್ತಿದ್ದವರು,
ಬಾನೆಟ್ಟಿನ ಒಳಮೈಯಲ್ಲಿ ಬರೆದಿಟ್ಟಿದ್ದರು:
ಮರೆಯಬೇಡಿ, ಪ್ಲಸ್ ಮೈಗೆ.
ಹೋದ ವರ್ಷ ತಂಗಿಯ ಮದುವೆಗೆಂದು
ಅದರ ಮೇಲೂ ನಾನೇ ಹಸಿರು ಬಳಿದಿದ್ದೆ.

ಡೈನಮೋದ ಎರಡೂ ತಂತಿ ಕಳಚಿದ,
ದೊಡ್ಡ ಬಾಯಿ ಸಣ್ಣ ಬಾಯಿ ಸೇರಿಸಿ ತಾಮ್ರದೆಳೆ ಸುತ್ತಿದ,
ಮೀಟರಿನ ಕೆಂಪು ಕಡ್ಡಿ ಕಬ್ಬಿಣಕ್ಕೆ, ಕಪ್ಪು ಕಡ್ಡಿ ಎಳೆಗೆ.
"ಮೆಲ್ಲಗೆ ಒತ್ತಿ. ಮೆಲ್ಲಗೆ! ಕಡಿವಾಣ ಬಿಚ್ಚಿದ ಕುದುರೆ ಇದು."
ಐದು. ಒಂಬತ್ತು. ಹದಿನಾಲ್ಕು.
ಹದಿನೆಂಟಕ್ಕೆ ಕೈ ಅಡ್ಡ ಹಿಡಿದ.
ಎಪ್ಪತ್ತು ವರ್ಷದ ಮುದುಕಿ, ಒಂದು ಕೆಮ್ಮಿಲ್ಲದೆ.

ಹಾಗಾದರೆ ದುಡಿದದ್ದು ಎಲ್ಲಿ ಸೋರಿತು?

ತಂತಿಗಳನ್ನು ತಿರುಗಿ ಕೂಡಿಸಿ
ರೆಗ್ಯುಲೇಟರಿನ ಕಪ್ಪು ಡಬ್ಬಿಯ ಮುಚ್ಚಳ ತೆಗೆದ.
ಕಟೌಟಿನ ನಾಲಗೆಯನ್ನು ಬೆರಳ ತುದಿಯಿಂದ ಒತ್ತಿ ಹಿಡಿದಾಗ
ಆಮೀಟರಿನ ಮುಳ್ಳು ಛಕ್ಕನೆ ಬಲಕ್ಕೆ.
ಬಿಟ್ಟ. ಎಡಕ್ಕೆ.
ಒತ್ತಿದ. ಬಲಕ್ಕೆ.
ತಾನಾಗಿ ಮುಚ್ಚಬೇಕಾದ ಬಾಗಿಲಿಗೆ ಕಾವಲುಗಾರ ಏಳುತ್ತಿಲ್ಲ.

ಕೊನೆಗೆ ಒಂದು ಕಡ್ಡಿ ಡಬ್ಬಿಯ 'ಇ' ತಿರುಪಿಗೆ,
ಇನ್ನೊಂದು ಎಂಜಿನ್ನಿನ ಬರಿಮೈಗೆ.
"ಇಲ್ಲಿ ಮಾತ್ರ ಮುಳ್ಳು ಅಲ್ಲಾಡಬಾರದು," ಅಂದ.
ಅಲ್ಲಾಡಿತು.

"ಅರ್ಥ ಇಲ್ಲ."
ಯಾವುದಕ್ಕೆ ಅಂತ ಕೇಳಲು ಬಾಯಿ ತೆರೆದೆ,
ಅಷ್ಟರಲ್ಲಿ ಅವನು ಡಬ್ಬಿ ಬಿಚ್ಚಿ ಬೆನ್ನು ತಿರುಗಿಸಿದ್ದ.
ಅರ್ತ್ ಇಲ್ಲ. ಡಬ್ಬಿಗೂ ಕಾರಿಗೂ ನಡುವೆ
ಎರಡು ಕೋಟು ಹಸಿರು, ಮೇಲೊಂದು ವಾರ್ನಿಷ್,
ಬ್ರಾಕೆಟ್ಟನ್ನೂ ಬಿಡದೆ, ಸ್ಕ್ರೂ ತೂತನ್ನೂ ಬಿಡದೆ
ಎರಡು ಭಾನುವಾರ ಕೂತು ಸಣ್ಣ ಬ್ರಷ್ಷಿನಲ್ಲಿ
ಎಷ್ಟು ನೀಟಾಗಿ ಬಳಿದಿದ್ದೆ!

ಆಲಿಕುಟ್ಟಿ ಬೈಯಲಿಲ್ಲ. ಮುರಿದ ಗರಗಸದ ತುಂಡಲ್ಲಿ
ನಾಣ್ಯದಗಲ ಕೆರೆದ, ಕಬ್ಬಿಣ ಬೆಳ್ಳಗೆ ಕಣ್ಣು ಬಿಡುವವರೆಗೆ.
ತಿರುಪು ಬಿಗಿದು ಸುತ್ತ ವ್ಯಾಸಲಿನ್ ಸವರಿದ.
ನೂರೈವತ್ತು ರೂಪಾಯಿ, ಒಂದು ಕಟ್ಟನ್ ಚಾಯ.
ಮೂರು ಬ್ಯಾಟರಿಯ ಬೆಲೆ ಎಷ್ಟಾಯಿತೆಂದು
ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪೊನ್ನಂಪೇಟೆಯ ಏರಿನಲ್ಲಿ ಕತ್ತಲಾಯಿತು. ದೀಪ ಹಾಕಿದೆ.
ಮರದ ಲಾರಿಯ ಹಿಂದೆ ನಿಂತಾಗ ಮುಳ್ಳು ಕೊಂಚ ಎಡಕ್ಕೆ ಜಾರಿತು,
ಕಾಲು ಒತ್ತಿದಾಗ ನಡುಗೆರೆ ದಾಟಿ ಬಲಕ್ಕೆ, ಎರಡು, ಮೂರು.
ರಸ್ತೆ ನೋಡುವುದು ಬಿಟ್ಟು ಅದನ್ನೇ ನೋಡುತ್ತಿದ್ದೆ,
ಹಿಂದಿನ ಜೀಪಿನವನು ಹಾರನ್ ಹೊಡೆಯುವವರೆಗೆ.

ಬಣ್ಣದ ಡಬ್ಬಿಯಲ್ಲಿ ಇನ್ನೂ ಕಾಲು ಲೀಟರ್ ಉಳಿದಿದೆ.
ಬಾನೆಟ್ಟಿನ ಒಳಗೆ, ಅಂದಾಜಿನ ಮೇಲೆ
ಅತ್ತೆಯ ಅಕ್ಷರ ಇದ್ದ ಕಡೆ,
ನಾಳೆ ಮೆಲ್ಲಗೆ ಕೆರೆದು ನೋಡಬೇಕು.